ಕಾಯುವ ಪಟ್ಟಿಯಲ್ಲಿ ದೊಡ್ಡಪ್ಪ

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವನು ದೊಡ್ಡಪ್ಪ. ನೊಣವಿನಕೆರೆ ಬಸ್ಸು ತಪ್ಪಿದ ದಿನವೆಲ್ಲ ಕಾಯಿ ಸುಲಿಯುವುದನ್ನು ಅರ್ಧಕ್ಕೇ ನಿಲ್ಲಿಸಿ, ಬೈಕಿನಲ್ಲಿ ತಿಪಟೂರು ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಬರುತ್ತಿದ್ದ. ಡಯಾಲಿಸಿಸ್ ಟೆಕ್ನಾಲಜಿ ಅಂದರೇನೆಂದು ಅವನಿಗೆ ಗೊತ್ತಿರಲಿಲ್ಲ. ಕೇಳಿದವರಿಗೆಲ್ಲ "ರಕ್ತ ತೊಳೆಯೋ ಓದು" ಅನ್ನುತ್ತಿದ್ದ. ಅವನ ರಕ್ತವನ್ನೇ ತೊಳೆಯಬೇಕಾದೀತೆಂದು ನಾವಿಬ್ಬರೂ ಎಣಿಸಿರಲಿಲ್ಲ.

ನಾನು ಕೆಲಸ ಮಾಡುವ ಸರ್ಕಾರಿ ಆಸ್ಪತ್ರೆಯಲ್ಲಿ ಆಗ ಓಡುತ್ತಿದ್ದದ್ದು ಎರಡೇ ಯಂತ್ರ. ಒಬ್ಬೊಬ್ಬರಿಗೆ ನಾಲ್ಕು ಗಂಟೆ, ವಾರಕ್ಕೆ ಎರಡು ಸಲ. ಅಷ್ಟರೊಳಗೆ ಹಿಡಿಸುವವರ ಹೆಸರು ಗೋಡೆಯ ಬಿಳಿ ಬೋರ್ಡಿನಲ್ಲಿ. ಹಿಡಿಸದವರದ್ದು ಅದರ ಕೆಳಗೆ, ಒಂದು ಗೆರೆ ಎಳೆದು. ಕೆಳಗಿನವರು ತುಮಕೂರೋ ಹಾಸನವೋ, ಎಲ್ಲಿ ಖಾಲಿ ಇದೆಯೋ ಅಲ್ಲಿಗೆ ಅಲೆಯಬೇಕು. ಗೆರೆ ದಾಟಿ ಬರಬೇಕಾದರೆ ಮೇಲಿನವರೊಬ್ಬರು ಹೋಗಬೇಕು.

ಬೋರ್ಡು ಬರೆಯುವವಳು ನಾನೇ. ಗೆರೆಯ ಕೆಳಗೆ ಮೊದಲನೆಯವನು ಕಂದಿಕೆರೆಯ ಒಬ್ಬ ಟೈಲರು. ಎರಡನೆಯವನು ದೊಡ್ಡಪ್ಪ.

"ನಿನ್ನ ಕೈಲೇ ಐತಲ್ಲೇ. ಒರೆಸಿ ಬರೆದ್ರಾಯ್ತು," ಎಂದಳು ದೊಡ್ಡಮ್ಮ.

ದೊಡ್ಡಪ್ಪನೇ ಗದರಿದ. "ಸುಮ್ಕಿರು. ಓದಿದೋಳು ಅವಳು. ನಿನ್ನಂಗೆ ಬಸ್ಸಿನ ಕಿಟಕೀಲಿ ಟವಲ್ ಎಸೆದು ಸೀಟ್ ಹಿಡಿಯೋಳಲ್ಲ."

ಆ ಮಾತಿಗೆ ನಾನು ಉಬ್ಬಿದೆ. ಬೋರ್ಡು ಮುಟ್ಟಲಿಲ್ಲ.

ದೊಡ್ಡಮ್ಮನಿಗೆ ಆಸ್ಪತ್ರೆಯ ಪಥ್ಯದ ಚೀಟಿ ಓದಿ ಹೇಳಿದ್ದೆ. ನೀರು ದಿನಕ್ಕೆ ಮೂರೇ ಲೋಟ, ಬಾಳೆಹಣ್ಣು ಬೇಡ, ಹಣ್ಣಿನ ರಸ ಬೇಡ. ಅವಳು ಒಂದನ್ನೂ ಮೀರಲಿಲ್ಲ. ಚೀಟಿಯಲ್ಲಿ ಎಳನೀರು ಅಂತ ಇರಲಿಲ್ಲ. ನಾನೂ ಹೇಳಲಿಲ್ಲ. ನಮ್ಮ ಕಡೆ ಎಳನೀರನ್ನು ಯಾರೂ ನೀರಿಗೂ ಸೇರಿಸುವುದಿಲ್ಲ, ರಸಕ್ಕೂ ಸೇರಿಸುವುದಿಲ್ಲ. ಹುಷಾರಿಲ್ಲದವರ ಮನೆಗೆ ಬರಿಗೈಲಿ ಹೋಗಬಾರದೆಂದು ಒಯ್ಯುವುದು ಅದು. ನೋಡಲು ಬಂದವರೆಲ್ಲ ತಮ್ಮ ತಮ್ಮ ತೋಟದ್ದನ್ನೇ ತಂದು, ಕೆತ್ತಿ, ಎದುರು ನಿಂತು ಕುಡಿಸಿ ಹೋದರು. ಕಿಡ್ನಿ ಕೆಟ್ಟವರ ಎದೆಬಡಿತವನ್ನು ಅದರೊಳಗಿನ ಪೊಟ್ಯಾಶಿಯಂ ನಿಲ್ಲಿಸಬಲ್ಲದು. ಇದನ್ನು ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು.

ಒಂದು ಗುರುವಾರ ಬೆಳಿಗ್ಗೆ ಅವನನ್ನು ಓಮ್ನಿಯಲ್ಲಿ ಮಲಗಿಸಿಕೊಂಡು ತಂದರು. ಕಾಲು ಎತ್ತಲು ಶಕ್ತಿಯಿರಲಿಲ್ಲ. ಇಸಿಜಿ ನೋಡಿದ ಡಾಕ್ಟರು, "ತುಮಕೂರು ಮುಟ್ಟಲ್ಲ. ಇಲ್ಲೇ ಹಾಕಿ," ಎಂದರು.

ಒಂದು ಯಂತ್ರದಲ್ಲಿ ಆಗಲೇ ಒಬ್ಬರ ರಕ್ತ ಓಡುತ್ತಿತ್ತು. ಇನ್ನೊಂದರ ಪಕ್ಕದ ಮಂಚದಲ್ಲಿ ದಬ್ಬೇಘಟ್ಟದಿಂದ ಮೊದಲ ಬಸ್ಸಿಗೆ ಬಂದಿದ್ದ ಹೆಂಗಸು, ಸೂಜಿಗೆಂದು ಕೈ ಚಾಚಿ ಮಲಗಿದ್ದರು. ಅವರನ್ನು ಎಬ್ಬಿಸಿದೆ.

"ನಿಮ್ಮೋರಾ?"

"ನಮ್ಮ ದೊಡ್ಡಪ್ಪ. ಅದಕ್ಕಲ್ಲ ಕಣಕ್ಕ, ಎಮರ್ಜೆನ್ಸಿ."

"ಏನ್ ಕುಡಿದ್ರು?"

"ಎಳನೀರು."

ಅವರು ಕಾಲಲ್ಲಿ ಚಪ್ಪಲಿ ತಡಕಾಡುತ್ತಾ, "ನಾನು ಮೂರು ವರ್ಸದಿಂದ ಮುಟ್ಟಿಲ್ಲ. ಹಿತ್ತಲಿಗೇ ತೋಟ ಐತೆ," ಎಂದರು. ಸಿಟ್ಟಿನಲ್ಲಿ ಹೇಳಲಿಲ್ಲ.

ಮಾರನೆಯ ದಿನ ಬೋರ್ಡು ತುಂಬಿತ್ತು. ಇಬ್ಬರ ನಡುವೆ ಹೇಗೋ ಹೊಂದಿಸಿ ಆ ಹೆಂಗಸಿಗೆ ಎರಡು ಗಂಟೆ ಕೊಟ್ಟೆವು. ನಾಲ್ಕರ ಜಾಗದಲ್ಲಿ ಎರಡು.

ದೊಡ್ಡಪ್ಪ ಎದ್ದು ಕೂತ. ಕೊಬ್ಬರಿಗೆಂದು ಅಟ್ಟದ ಮೇಲೆ ಒಣಗುವ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ನೀರು ಇಂಗಿದೆಯೋ ಇಲ್ಲವೋ ಹೇಳುವವನು ಅವನು. "ನನ್ನೂ ಅಲ್ಲಾಡ್ಸಿ ನೋಡವ್ವ, ನೀರು ಎಷ್ಟೈತೆ ಅಂತ," ಎಂದ. ನನಗೆ ನಗು ಬರಲಿಲ್ಲ. ಯಾರನ್ನು ಎಬ್ಬಿಸಿದೆನೆಂದು ಹೇಳಿದೆ. ಮತ್ತೆ ಅವನು ತಮಾಷೆ ಮಾಡಲಿಲ್ಲ. ಎಮರ್ಜೆನ್ಸಿ ಮುಗಿದಿತ್ತು, ಹೆಸರು ಗೆರೆಯ ಕೆಳಗೇ ಉಳಿಯಿತು. ಅವತ್ತಿನಿಂದ ಪ್ರತಿ ಚೀಟಿಯ ಮೇಲೂ ನಾನೇ ಪೆನ್ನಿನಲ್ಲಿ 'ಎಳನೀರು ಬೇಡ' ಅಂತ ಬರೆಯುತ್ತೇನೆ.

ಎರಡು ವಾರ ಕಳೆದಿರಬೇಕು. ದಬ್ಬೇಘಟ್ಟದ ಹೆಂಗಸು ತಮ್ಮ ಸರದಿಗೆ ಬರಲಿಲ್ಲ. ಫೋನು ಮಾಡಿದರೆ ಮಗಳು ಎತ್ತಿದಳು. ಉಸಿರು ಸಿಗದೆ ಹಿಂದಿನ ದಿನ ಹೋಗಿಬಿಟ್ಟಿದ್ದರು. ತಪ್ಪಿದ ಎರಡು ಗಂಟೆಗೂ ಇದಕ್ಕೂ ಸಂಬಂಧವಿಲ್ಲ, ಆಮೇಲೆ ಮೂರು ಸಲ ಪೂರ್ತಿ ಆಗಿದೆಯಲ್ಲ ಎಂದರು ಡಾಕ್ಟರು. ಇರಬಹುದು. ಓದಿರುವ ನನಗೂ ಗೊತ್ತಾಗಲಿಲ್ಲ. ಅವರನ್ನು ಎಬ್ಬಿಸಿದ್ದು ಸರಿ ಎಂದು ಇವತ್ತಿಗೂ ಅನ್ನುತ್ತೇನೆ. ಎಬ್ಬಿಸುವ ಗತಿ ತಂದದ್ದು ನಾನು ಹೇಳದೆ ಬಿಟ್ಟ ಒಂದು ಮಾತು.

ಅವರ ಹೆಸರು ಒರೆಸಿ ಕಂದಿಕೆರೆಗೆ ಫೋನು ಮಾಡಿದೆ. "ನಿಮ್ಮ ಸರದಿ ಬಂದಿದೆ, ಸೋಮವಾರ ಬನ್ನಿ."

ಟೈಲರು ಎಷ್ಟು ಗಂಟೆಗೆಂದು ಕೇಳಿಕೊಂಡ. ಆಮೇಲೆ, "ಯಾರು ಹೋದ್ರು ಮೇಡಂ?" ಎಂದ.

ಸಂಜೆ ದೊಡ್ಡಪ್ಪನಿಗೆ, ಈಗ ನೀನೇ ಮೊದಲನೆಯವನು ಎಂದೆ. ದೊಡ್ಡಮ್ಮ ದೇವರ ಗೂಡಿನ ಕಡೆ ಕೈ ಮುಗಿದಳು.

"ನನ್ನ ಹೆಸರು ಗೆರೆ ದಾಟಿದಾಗ," ಎಂದ ದೊಡ್ಡಪ್ಪ, "ಅದು ಯಾರ ಜಾಗ ಅಂತ ನಂಗೆ ಹೇಳ್ಬೇಡ ಕಣವ್ವ."