ನೀರು ಅಳೆದ ರಾಯರು

ಗಡ್ಡ ಹೆರೆಯುವ ಪುಟ್ಟ ಕನ್ನಡಿ ಎಡಗೈಯಲ್ಲಿ, ಟಾರ್ಚು ಬಲಗೈಯಲ್ಲಿ. ನಮ್ಮ ಬಾತ್‌ರೂಮಿನ ಕಿಟಕಿಯಿಂದ ಎರಡೂ ತೋಳುಗಳನ್ನು ಹೊರಗೆ ಚಾಚಿ ನಿಂತ ಬೆನ್ನು. ಭಾಸ್ಕರ ರಾಯರೆಂದರೆ ನನಗೆ ಮೊದಲು ನೆನಪಾಗುವುದು ಆ ಬೆನ್ನೇ. ಸಾನಪಾಡಾದ ನಮ್ಮ ಹದಿನಾರು ಮನೆಗಳ ಸೊಸೈಟಿ ಕಟ್ಟಡದಲ್ಲಿ ಮನೆಮನೆಗೂ ನೀರಿನ ಮೀಟರ್ ಹಾಕಿಸಿದಾಗ ಪ್ಲಂಬರ್ ಮಹಾಶಯ ಹದಿನಾರನ್ನೂ ಬಾತ್‌ರೂಮಿನ ಕಿಟಕಿಯ ಹೊರಗೆ, ಗೋಡೆಗೆ ಮುಖ ಮಾಡಿಸಿ ಕೂಡಿಸಿಬಿಟ್ಟಿದ್ದ. ತಿರುಗಿಸಿ ಕೂಡಿಸಲು ಮತ್ತೆ ಖರ್ಚು. "ಬೇಡ, ನಾನು ನೋಡಿಕೊಳ್ತೇನೆ" ಎಂದರು ಸೆಕ್ರೆಟರಿಯಾಗಿದ್ದ ರಾಯರು. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಕನ್ನಡಿ ಸಮೇತ ಬಾಗಿಲಿಗೆ ಹಾಜರು. ಕನ್ನಡಿಯಲ್ಲಿ ತಿರುಗುಮುರುಗಾಗಿ ಕಾಣುವ ಅಂಕಿಗಳನ್ನು ಒಂದೂ ತಪ್ಪದೆ ಓದುತ್ತಿದ್ದರು. ನಾನೂ ಒಮ್ಮೆ ಪ್ರಯತ್ನಿಸಿ ಸೋತಿದ್ದೇನೆ. ಈ ಒಂದು ಜಾಣತನವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ಅವರ ಬಗ್ಗೆ ಒಳ್ಳೆಯ ಮಾತು ಹೆಚ್ಚು ಸಿಗಲಿಕ್ಕಿಲ್ಲ.

ಉಡುಪಿ ಕಡೆಯವರು. ಕಲ್ಯಾಣ ಸ್ಟೇಷನ್ನಿನ ಹತ್ತಿರ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಬಹಳ ವರ್ಷ ಮ್ಯಾನೇಜರಾಗಿದ್ದು ನಿವೃತ್ತರಾದವರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನಲ್ಲಿ ಒಂದು ನೀಲಿ, ಒಂದು ಕೆಂಪು ಪೆನ್ನು. ಅವರ ಹೋಟೆಲಿನಲ್ಲಿ ಗಿರಾಕಿಗಳಿಗೆ ಅರ್ಧ ಗ್ಲಾಸು ನೀರು ಮಾತ್ರ ಇಡುತ್ತಿದ್ದರಂತೆ. "ಪೂರ್ತಿ ಕೊಟ್ರೂ ಅರ್ಧವೇ ಕುಡಿಯೋದು, ಅರ್ಧ ಕೊಟ್ರೂ ಅರ್ಧವೇ ಕುಡಿಯೋದು. ಮತ್ತೆ ಪೂರ್ತಿ ಎಂಥಕ್ಕೆ ಮಾರಾಯ್ರೆ?" ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ಅವರ ಮನೆಗೆ ಹೋದರೆ ನಮಗೂ ಅದೇ ಅರ್ಧ ಗ್ಲಾಸು. ಏಪ್ರಿಲ್ ಬಿಸಿಲಲ್ಲಿ ನಾಲ್ಕನೇ ಮಹಡಿಗೆ ಹತ್ತಿ ಹೋದವಳಿಗೆ ಆ ಗ್ಲಾಸಿನ ತಳ ಕಂಡಾಗ ಮೈಯೆಲ್ಲ ಉರಿದು ಹೋಗುತ್ತಿತ್ತು.

ಆದರೆ ಮೀಟರ್ ಬೇಕೆಂದು ಸಭೆಯಲ್ಲಿ ಮೊದಲು ಕೈಯೆತ್ತಿದವಳು ನಾನೇ. ಮೊದಲೆಲ್ಲ ನೀರಿನ ಬಿಲ್ಲನ್ನು ಹದಿನಾರು ಮನೆಗೂ ಸಮನಾಗಿ ಹಂಚುತ್ತಿದ್ದರು. ಮೂರನೇ ಮಹಡಿಯವರು ಬೆಳಗಾದರೆ ಬಾಲ್ಕನಿಗೆ ಪೈಪು ಹಿಡಿಯುವವರು. ಕೆಳಗಿನವರು ಎರಡೆರಡು ಸಲ ಕಾರು ತೊಳೆಯುವವರು. ಗಂಡ ಹೆಂಡತಿ ಇಬ್ಬರೇ ಇರುವ ನಾವು ಅವರ ಕಾರಿಗೂ ಬಾಲ್ಕನಿಗೂ ಸ್ನಾನ ಮಾಡಿಸಬೇಕಿತ್ತು. ಬೇಸಿಗೆ ಬಂದರೆ ಟ್ಯಾಂಕರು ಬೇರೆ. ಮೀಟರ್ ಬಂದ ಮೂರೇ ತಿಂಗಳಲ್ಲಿ ಪೈಪು ಸುತ್ತಿಟ್ಟರು, ವರ್ಷಗಟ್ಟಲೆ ಸೋರುತ್ತಿದ್ದ ಫ್ಲಶ್ಶುಗಳು ಒಂದೇ ವಾರದಲ್ಲಿ ರಿಪೇರಿಯಾದವು, ಟ್ಯಾಂಕರು ನಿಂತಿತು, ನಮ್ಮ ಬಿಲ್ಲೂ ಇಳಿಯಿತು. ಹಾಗಾಗಿ ಮೀಟರಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಸಿಟ್ಟೆಲ್ಲ ಅದನ್ನು ಓದುತ್ತಿದ್ದವರ ಮೇಲೆ.

ಯಾಕೆಂದರೆ ರಾಯರಿಗೆ ಬಿಲ್ಲು ಸಾಲುತ್ತಿರಲಿಲ್ಲ. "ದುಡ್ಡು ಕೊಟ್ರೆ ಆಯ್ತಾ? ನಾಚಿಕೆ ಬೇಡ್ವಾ?" ಎನ್ನುವುದು ಅವರ ಸಿದ್ಧಾಂತ. ಅದಕ್ಕೆ ಪ್ರತಿ ಸೋಮವಾರ ಮೆಟ್ಟಿಲ ಬುಡದ ನೋಟೀಸ್ ಬೋರ್ಡಿಗೆ ಪಟ್ಟಿ ಅಂಟಿಸುತ್ತಿದ್ದರು: ಮನೆ ನಂಬರು, ಯಜಮಾನರ ಹೆಸರು, ತಲೆಗೆಷ್ಟು ನೀರು. ಮಿತಿ ಮೀರಿದವರ ಹೆಸರು ಕೆಂಪು ಶಾಯಿಯಲ್ಲಿ. ಹಾಲಿನವನು, ಪೇಪರಿನವನು, ಬಂದ ನೆಂಟರು ಎಲ್ಲರೂ ಓದಿಕೊಂಡೇ ಮೇಲೆ ಬರುತ್ತಿದ್ದರು. ಎರಡನೇ ಮಹಡಿಗೆ ಹೊಸದಾಗಿ ಮದುವೆಯಾದ ಮರಾಠಿ ಹುಡುಗಿಯೊಬ್ಬಳು ಬಂದಳು. ಅವಳ ಮನೆಯ ಅಂಕಿ ಏರಿದ ವಾರ ರಾಯರು ಮೆಟ್ಟಿಲಲ್ಲೇ ತಡೆದು, ನಾಲ್ಕು ಜನರ ಎದುರು, "ಬೇಟಾ, ರೋಜ್ ದೋ ಬಾರ್ ನಹಾತೇ ಹೋ ಕ್ಯಾ?" ಎಂದು ಕೇಳಿದರು. ದಿನಕ್ಕೆ ಎರಡು ಸಲ ಸ್ನಾನವೇ ಎಂದು ಹೊಸ ಮದುಮಗಳನ್ನು ಕೇಳುವ ಪ್ರಶ್ನೆಯೇ ಅದು? ಪಾಪ, ಆ ಹುಡುಗಿ ಎಷ್ಟೋ ದಿನ ತಲೆ ಎತ್ತಿ ಓಡಾಡಲಿಲ್ಲ. ಇದು ಸಭ್ಯತೆಯಲ್ಲ ಎಂದು ನಾನು ಹೇಳಿದ್ದಕ್ಕೆ, "ನಾನು ಅಂಕಿ ಕೇಳಿದ್ದು, ಸಂಸಾರ ಕೇಳಿದ್ದಲ್ಲ" ಎಂದರು. ಅಂಕಿಯ ಹಿಂದೆ ಮನುಷ್ಯರಿರುತ್ತಾರೆ ಎಂಬುದು ಅವರ ತಲೆಗೆ ಹೋಗುತ್ತಲೇ ಇರಲಿಲ್ಲ.

ಆ ಚಳಿಗಾಲದಲ್ಲಿ ನನ್ನ ಅವ್ವನಿಗೆ ಲಕ್ವ ಹೊಡೆಯಿತು. ಎಡಭಾಗ ಬಿದ್ದುಹೋಯಿತು. ವಿಜಯಪುರದಿಂದ ಇಲ್ಲಿಗೆ ಕರೆತಂದೆ. ನನ್ನ ಗಂಡ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಗುಮಾಸ್ತೆ, ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಅವ್ವನ ಸೇವೆ ನನ್ನದೇ. ಹಾಸಿಗೆ ತೋಯುತ್ತಿತ್ತು. ದಿನಕ್ಕೆರಡು ಸಲ ಚಾದರ ಒಗೆಯುವುದು, ಮೈ ತೊಳೆಯುವುದು, ಮೈಯಡಿ ಹಾಸುವ ರಬ್ಬರ್ ಶೀಟು ಉಜ್ಜುವುದು. ಮೀಟರು ಓಡದೆ ಇನ್ನೇನು ಮಾಡೀತು? ನಮ್ಮ ಹೆಸರು ಕೆಂಪಾಯಿತು. ಕೆಂಪಾದರೆ ಆಗಲಿ, ಬಿಲ್ಲು ಕಟ್ಟಿದರಾಯಿತು ಎಂದು ಸುಮ್ಮನಿದ್ದೆ.

ಅವ್ವನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಇಡೀ ಕಟ್ಟಡದಲ್ಲಿ ಅವಳ ಜೊತೆ ಮಾತಾಡಬಲ್ಲ ಹೊರಗಿನವರು ರಾಯರೊಬ್ಬರೇ. ಮೊದಲ ಭಾನುವಾರ ಅವರು "ಹೇಗಿದ್ದೀರಿ ಅಮ್ಮ? ಊಟ ಆಯ್ತಾ?" ಎಂದಾಗ ಅವ್ವನ ಕಣ್ಣು ತುಂಬಿ ಬಂದವು. "ನಮ್ಮ ಮಾತು ಆಡೂ ಮಂದಿ ಅದಾರಲ್ಲವಾ ಇಲ್ಲಿ" ಎಂದು ದಿನವಿಡೀ ಹೇಳಿದಳು. ಆಮೇಲೆ ಶನಿವಾರವೇ ಶುರು: ನಾಳೆ ರಾಯರು ಬರ್ತಾರೇನು, ನನ್ನ ತಲಿ ಬಾಚು, ಆ ಹಸರ ಸೀರಿ ಉಡಸು. ನಾನು ಸೀರೆ ಸುತ್ತಿ, ದಿಂಬಿಗೊರಗಿಸಿ ಕೂಡಿಸುತ್ತಿದ್ದೆ.

ಮಾರ್ಚಿನ ಒಂದು ಭಾನುವಾರ ನಾನು ಅವರಿಗಾಗಿ ಚಹಾ ಮಾಡುತ್ತಿದ್ದೆ. ಅಂಕಿ ಬರೆದುಕೊಂಡು ಬಂದ ರಾಯರು ಅವ್ವನ ಮಂಚದ ಬಳಿ ಕುರ್ಚಿ ಎಳೆದುಕೊಂಡು ಕೂತರು. ಅಡುಗೆಮನೆಗೆ ಅವರ ದನಿ ಕೇಳಿಸಿತು.

"ಅಮ್ಮ, ನೀವು ಹಿರಿಯರು. ನಿಮ್ಮ ಮಗಳಿಗೆ ಸ್ವಲ್ಪ ಹೇಳಿ. ನಿಮ್ಮ ಮನೆಯ ನೀರು ಇಡೀ ಸೊಸೈಟಿಯಲ್ಲೇ ಜಾಸ್ತಿ. ಕೆಳಗೆ ಬೋರ್ಡಿನಲ್ಲಿ ಅಳಿಯನ ಹೆಸರು ಕೆಂಪಕ್ಷರದಲ್ಲಿ ಉಂಟು. ನಮ್ಮ ಕನ್ನಡದವರೇ ಹೀಗೆ ಮಾಡಿದ್ರೆ ನನಗೆ ಬೇರೆಯವರಿಗೆ ಹೇಳ್ಲಿಕ್ಕೆ ಮುಖ ಎಲ್ಲಿ ಉಂಟು?"

ನಾನು ಚಹಾದೊಂದಿಗೆ ಓಡಿ ಬಂದು, "ಇದನ್ನೆಲ್ಲ ಆಕಿ ಮುಂದ ಯಾಕ ಹೇಳ್ತೀರಿ?" ಎಂದೆ. "ಹಿರಿಯರಿಗೆ ಹೇಳಿದ್ರೆ ಮನೆ ಸರಿಯಾಗ್ತದೆ" ಎಂದು ಚಹಾ ಕುಡಿದು ಎದ್ದುಹೋದರು.

ಅದಾದ ಎರಡು ವಾರಕ್ಕೆ ಹಾಸಿಗೆ ತೋಯುವುದು ಕಡಿಮೆಯಾಯಿತು. ಚಾದರ ಒಗೆಯುವುದು ದಿನಕ್ಕೊಮ್ಮೆ, ಆಮೇಲೆ ದಿನ ಬಿಟ್ಟು ದಿನ. ಮಾತ್ರೆ ಹಿಡಿಯುತ್ತಿದೆ, ಅವ್ವ ಸುಧಾರಿಸುತ್ತಿದ್ದಾಳೆ ಎಂದು ಹಿಗ್ಗಿದೆ. ನಮ್ಮ ಹೆಸರು ನೀಲಿ ಶಾಯಿಗೆ ಬಂದಾಗ ಮೆಟ್ಟಿಲ ಬುಡದಲ್ಲಿ ನಿಂತು ಎರಡು ಸಲ ಓದಿದೆ. ಆ ಖುಷಿ ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ. ನೀರು ಕೊಟ್ಟರೆ ಅವ್ವ "ನೀರಡಿಕಿ ಇಲ್ಲವಾ" ಎನ್ನುತ್ತಿದ್ದಳು. ಬಲವಂತ ಮಾಡಿದರೆ ತುಟಿ ತೋಯಿಸಿ ಮುಖ ತಿರುಗಿಸುತ್ತಿದ್ದಳು. ತೋಯ್ದರೂ ಹೇಳುತ್ತಿರಲಿಲ್ಲ, ಆ ಚಾದರದ ಮೇಲೆಯೇ ಮಲಗಿ ಒಣಗಿಸಿಕೊಳ್ಳುತ್ತಿದ್ದಳು. ಬೆನ್ನಿಗೆ ಹುಣ್ಣಾಗಿ, ಜ್ವರ ಬಂದು, ಡಾಕ್ಟರು ಬಂದು ಅವಳ ಒಣಗಿದ ನಾಲಿಗೆ ನೋಡಿ ನನಗೆ ಬೈದಾಗಲೇ ನನಗೆ ತಿಳಿದದ್ದು.

"ಯಾಕವ್ವಾ ಹಿಂಗ ಮಾಡಿದಿ?" ಎಂದು ಅತ್ತೆ.

"ನಾ ಹಾಸಿಗಿ ತೋಯ್ಸಿದ್ರ ಅಳಿಯಾರ ಹೆಸರು ಕೆಂಪ ಅಕ್ಷರದಾಗ ಬರೀತಾರಂತಲ್ಲ ತಂಗಿ. ಕುಡೀಲಿಲ್ಲಂದ್ರ ತೋಯಂಗಿಲ್ಲ."

ಅವತ್ತೇ ನಾಲ್ಕನೇ ಮಹಡಿಗೆ ಹತ್ತಿ ಹೋಗಿ ರಾಯರ ಬಾಗಿಲು ಬಡಿದೆ. ಹೇಳಿದ್ದೆಲ್ಲ ಕೇಳಿಸಿಕೊಂಡರು. "ಛೆ ಛೆ, ನಾನು ಎಂಥ ತಪ್ಪು ಹೇಳಿದೆ? ನಿಯಮ ಎಲ್ಲರಿಗೂ ಒಂದೇ ಅಲ್ವಾ ಶಾಂತಾ. ಒಂದು ಅರ್ಜಿ ಕೊಡಿ, ಡಾಕ್ಟರ ಸರ್ಟಿಫಿಕೇಟು ಹಚ್ಚಿ. ಮುಂದಿನ ಕಮಿಟಿಯಲ್ಲಿ ಇಡುವ" ಎಂದರು. "ಅರ್ಜಿ ಅಲ್ರೀ, ಕೆಳಗ ಬಂದು ಆಕಿಗೆ ಒಂದ್ ಮಾತು ಹೇಳ್ರಿ. ನೀರು ಕುಡೀರಿ ಅಂತ ನಿಮ್ಮ ಬಾಯಿಂದ ಹೇಳ್ರಿ, ಕೇಳತಾಳ" ಎಂದು ಅಂಗಲಾಚಿದೆ. ಜ್ವರದ ಮನೆ, ಸುಮ್ಮನೆ ತೊಂದರೆ ಯಾಕೆ, ಭಾನುವಾರ ಹೇಗೂ ಬರ್ತೇನಲ್ಲ ಎಂದರು. ಭಾನುವಾರ ಬರುವಷ್ಟರಲ್ಲಿ ಅವ್ವ ವಾಶಿಯ ಆಸ್ಪತ್ರೆಯಲ್ಲಿದ್ದಳು. ಅಲ್ಲಿಂದ ಮನೆಗೆ ಬರಲಿಲ್ಲ.

ರಾಯರೇ ಕೊಂದರು ಎನ್ನುವಷ್ಟು ಹುಚ್ಚಿ ನಾನಲ್ಲ. ಅವ್ವನಿಗೆ ಎಂಬತ್ತು ದಾಟಿತ್ತು, ಹೇಗೂ ಹೆಚ್ಚು ದಿನ ಇರಲಿಲ್ಲ ಎಂದು ಡಾಕ್ಟರೇ ಹೇಳಿದರು. ಆದರೆ ಇದ್ದ ದಿನಗಳನ್ನು ಅವಳು ಬಾಯಾರಿಕೊಂಡು, ತೋಯ್ದ ಬಟ್ಟೆಯಲ್ಲಿ, ಅಪರಾಧಿಯ ಹಾಗೆ ಕಳೆದಳು. ಅದನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಅವ್ವ ಹೋದ ಮೂರನೇ ದಿನ ರಾಯರು ಎಳನೀರು ತಂದು ಮಾತಾಡಿಸಿ ಹೋದರು. ನಾನು ಒಳಗಿನಿಂದ ಹೊರಗೆ ಬರಲಿಲ್ಲ.

ಈಗ ಅವರು ಈ ಕಟ್ಟಡದಲ್ಲಿಲ್ಲ, ಮಗನ ಮನೆಗೆ ಹೋದರು. ಗೋಡೆಯ ಮೀಟರುಗಳೂ ಹೋಗಿ ಹೊಸವು ಬಂದಿವೆ, ಅಂಕಿ ನೇರ ಫೋನಿಗೇ ಬರುತ್ತದೆ. ನಾವಿಬ್ಬರೂ ಕೊನೆಯ ಸಲ ಎದುರುಬದುರಾದದ್ದು ಅವ್ವ ಹೋದ ವರ್ಷದ ವಾರ್ಷಿಕ ಸಭೆಯಲ್ಲಿ. ಕೆಳಗಿನ ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿದ್ದರು. ಗಂಡ ಕೆಲಸಕ್ಕೆ ಹೋಗಿದ್ದರಿಂದ ನಾನು ಕೂತಿದ್ದೆ. ರಾಯರು ಎದ್ದು, ಈ ಸಲ ನೀರಿನ ಬಳಕೆಯನ್ನು ಎಲ್ಲರಿಗಿಂತ ಹೆಚ್ಚು ತಗ್ಗಿಸಿದ ಮನೆಗೆ ಬಹುಮಾನ ಎಂದು ಹಿಂದಿಯಲ್ಲಿ ಸಾರಿ, ನಮ್ಮ ಮನೆಯ ನಂಬರು ಓದಿದರು. ಕೈಯಲ್ಲಿ ಹೊಸ ಸ್ಟೀಲ್ ಬಕೆಟ್ಟು, ಅದಕ್ಕೊಂದು ಗುಲಾಬಿ ರಿಬ್ಬನ್ನು. ವ್ಯಂಗ್ಯವಲ್ಲ, ಹಂಗಿಸುವುದಲ್ಲ. ಮುಖದ ತುಂಬ ನಿಜವಾದ ಸಂತೋಷ. ಅಂಕಿ ಇಳಿದದ್ದು ಯಾಕೆಂದು ಅವರು ಯೋಚಿಸಿಯೇ ಇರಲಿಲ್ಲ.

ನಾನು ಎದ್ದು ಹೋಗಿ ನಿಂತೆ. "ಹೇಗೆ ಉಳಿಸಿದಿರಿ, ನಾಲ್ಕು ಮಾತು ಹೇಳಿ" ಎಂದು ಹುರಿದುಂಬಿಸಿದರು. "ನಾಚಿಕೆ ಬೇಡ, ಕನ್ನಡದಲ್ಲೇ ಹೇಳಿ. ನಾನು ಅವರಿಗೆಲ್ಲ ಹಿಂದಿಯಲ್ಲಿ ಹೇಳ್ತೇನೆ."

"ನಾ ಏನೂ ಮಾಡಿಲ್ರಿ ರಾಯರ. ಹಾಸಿಗಿ ತೋಯ್ಸಾಕಿ ಸತ್ತಳು. ಅದಕ್ಕ ನೀರು ಉಳದಾವು" ಎಂದೆ.

ಉಳಿದ ಹದಿನಾಲ್ಕು ಮನೆಯವರು ರಾಯರ ಮುಖ ನೋಡುತ್ತ ಕಾದರು. ರಾಯರು ಎರಡು ಸಲ ಕೆಮ್ಮಿದರು. ಆಮೇಲೆ ನನ್ನತ್ತ ನೋಡದೆ, "ಬೋಲ್ ರಹೀ ಹೈಂ, ಪಾನೀ ಸಬ್ಕೋ ಬಚಾನಾ ಚಾಹಿಯೇ" ಎಂದರು. ನೀರನ್ನು ಎಲ್ಲರೂ ಉಳಿಸಬೇಕೆಂದು ನಾನು ಹೇಳಿದೆನಂತೆ. ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು.