ಬಾಗಿಲಿಗೆ ಅಡ್ಡ ಇಟ್ಟ ಬೀಸುಕಲ್ಲು

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಶುರು ಮಾಡಿದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಚಿಕ್ಕೇರೂರಿನಲ್ಲಿ ಹುಟ್ಟಿ ಬೆಳೆದವಳು ನಾನು. ಇಂಥ ಕಥೆ ಕೇಳುತ್ತಲೇ ಉಂಡಿದ್ದೇನೆ, ಕೇಳುತ್ತಲೇ ಮಲಗಿದ್ದೇನೆ. ಡಾಕ್ಟರಾದ ಮೇಲಂತೂ ಹೇಳುವವರ ಬಾಯಿ ಮುಚ್ಚಿಸುವುದೇ ಒಂದು ಚಟವಾಗಿತ್ತು. ಹಾಗಾಗಿ ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಹಾನಗಲ್ಲಿನ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ತುರ್ತು ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗವೆಂದರೆ ದೊಡ್ಡದೇನಲ್ಲ, ಒಂದು ಕೋಣೆ, ನಾಲ್ಕು ಮಂಚ, ಆಕ್ಸಿಜನ್ ಸಿಲಿಂಡರು, ಜೊತೆಗೆ ಸವಣೂರಿನ ಸಿಸ್ಟರ್ ಫರೀದಾ. ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಒಬ್ಬ ಹೆಣ್ಣುಮಗಳನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಬಂದರು. ಹೆಸರು ಬದಲಿಸಿ ರೇಣುಕಾ ಎನ್ನುತ್ತೇನೆ. ಮದುವೆಯಾಗಿ ಬಹಳ ದಿನವಾಗಿರಲಿಲ್ಲ. ಗಂಡ ದುಡಿಯಲು ಗೋವೆಗೆ ಹೋಗಿದ್ದ. ಕರೆತಂದವರು ಅವಳ ಅತ್ತೆ ಮತ್ತು ಗಂಡನ ಅಣ್ಣ. ಹುಡುಗಿ ಕೈಕಾಲು ಬಡಿಯುತ್ತಲೇ ಇದ್ದಳು. ದಾರಿಯಲ್ಲಿ ಒಂದು ದವಾಖಾನೆಯಲ್ಲಿ ಫಿಟ್ಸ್ ನಿಲ್ಲಿಸುವ ಇಂಜೆಕ್ಷನ್ ಎರಡು ಸಲ ಕೊಟ್ಟಿದ್ದರು. ನಿಂತಿರಲಿಲ್ಲ.

ಫಿಟ್ಸ್ ಹೀಗೆ ಎಳೆದುಕೊಂಡು ಹೋದರೆ ಮಿದುಳಿಗೆ ಪೆಟ್ಟು ಬೀಳುತ್ತದೆ. ಮುಂದಿನ ದಾರಿಯೆಂದರೆ ಇನ್ನೂ ಗಟ್ಟಿ ಮದ್ದು ಕೊಟ್ಟು, ಪೂರ್ತಿ ಪ್ರಜ್ಞೆ ತಪ್ಪಿಸಿ, ಗಂಟಲಿಗೆ ನಳಿಗೆ ಇಳಿಸಿ ಹುಬ್ಬಳ್ಳಿಗೆ ಕಳಿಸುವುದು. ಫರೀದಾ ಸಿರಿಂಜಿಗೆ ಮದ್ದು ಎಳೆದುಕೊಂಡು ನಿಂತಿದ್ದಳು. ನಾನು ಸ್ವಲ್ಪ ತಡಿ ಎಂದೆ.

ಯಾಕೆಂದರೆ ಹುಡುಗಿಯ ಕಣ್ಣು ಬಿಗಿಯಾಗಿ ಮುಚ್ಚಿದ್ದವು. ರೆಪ್ಪೆ ಬಿಡಿಸಲು ಹೋದರೆ ಇನ್ನಷ್ಟು ಬಿಗಿಯಾಗುತ್ತಿದ್ದವು. ತಲೆ ಬೇಡ ಬೇಡ ಎನ್ನುವವರ ಹಾಗೆ ಆಚೀಚೆ ಹೊರಳುತ್ತಿತ್ತು. ಬಡಿತ ಒಮ್ಮೆ ಇಳಿದು ಮತ್ತೆ ಏರುತ್ತಿತ್ತು. ಇಷ್ಟು ಹೊತ್ತಾದರೂ ರಕ್ತದಲ್ಲಿ ಆಕ್ಸಿಜನ್ ಸರಿಯಿತ್ತು, ಸಕ್ಕರೆ ಸರಿಯಿತ್ತು. ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಇವೆಲ್ಲ ಸೇರಿದರೆ ಅದು ಮೂರ್ಛೆರೋಗವಲ್ಲದ ಫಿಟ್ಸ್ ಇರಬಹುದು. ಜನ ಇದನ್ನು ನಾಟಕ ಅನ್ನುತ್ತಾರೆ, ನಾಟಕವಲ್ಲ. ಒದ್ದಾಟ ಖರೆ, ಸಂಕಟ ಖರೆ, ಅದು ಅವರ ಕೈಯಲ್ಲಿರುವುದಿಲ್ಲ. ಇಂಥವರಿಗೆ ಮದ್ದು ಏರಿಸುತ್ತ ಹೋದರೆ ಫಿಟ್ಸ್ ನಿಲ್ಲುವ ಮೊದಲು ಉಸಿರೇ ನಿಲ್ಲಬಹುದು. ಆದರೆ ನನ್ನ ಅಂದಾಜು ತಪ್ಪಿದ್ದರೆ? ಆಗ ಕಾಯುವ ಒಂದೊಂದು ನಿಮಿಷವೂ ಅವಳ ಮಿದುಳಿಗೆ ಹಾನಿ. ಮುಚ್ಚುಮರೆ ಯಾಕೆ, ನನಗೆ ಹೆದರಿಕೆಯಾಗಿತ್ತು.

ನಮ್ಮ ಕಡೆ ಫಿಟ್ಸ್ ಬಂದವರ ಕೈಗೆ ಕಬ್ಬಿಣ ಹಿಡಿಸುತ್ತಾರೆ. ಆ ಭಾವ ಮನೆಯ ದೊಡ್ಡ ಬೀಗದಕೈ ತಂದಿದ್ದ. ಬಡಿತ ಇಳಿದಾಗಲೆಲ್ಲ ಬಗ್ಗಿ, ಅವಳ ಮುಷ್ಟಿ ಬಿಡಿಸಿ ಒತ್ತಿ ಹಿಡಿಸುತ್ತಿದ್ದ. ಹಿಡಿಸಿದೊಡನೆ ಬಡಿತ ಮತ್ತೆ ಏರುತ್ತಿತ್ತು.

"ಕಬ್ಬಿಣಕ್ಕ ಅಂಜಾಕತ್ತೈತಿ ನೋಡ್ರಿ, ಅಕಿ ಮೈಯಾಗಿನ ಗಾಳಿ," ಎಂದಳು ಅತ್ತೆ.

ನಾನೂ ನೋಡುತ್ತಲೇ ಇದ್ದೆ. ಬೀಗದಕೈ ಇಸಿದುಕೊಂಡು, ಮುಂದಿನ ಸಲ ಇಳಿದಾಗ ಫರೀದಾಳಿಂದ ಹಿಡಿಸಿದೆ. ಬಡಿತ ಏರಲಿಲ್ಲ. ಹುಡುಗಿ ಅಂಜುತ್ತಿದ್ದದ್ದು ಕಬ್ಬಿಣಕ್ಕಲ್ಲ.

ಇಬ್ಬರಿಗೂ ಹೊರಗೆ ಹೋಗಲು ಹೇಳಿದೆ. ಅತ್ತೆ ಸುಮ್ಮನೆ ಹೋದಳು. ಆತ ಮಾತ್ರ ಕದಲಲಿಲ್ಲ. ನಮ್ಮ ಮನೆಯ ಹೆಣ್ಣುಮಗಳು, ನಾನ್ಯಾಕೆ ಹೋಗಲಿ ಎಂದು ಸೆಟೆದು ನಿಂತ. ಆ ದನಿಗೆ ಬಡಿತ ಮತ್ತೆ ಏರಿತು.

"ಈಗ ಅಕಿ ನನ್ನ ಪೇಷಂಟ್ ಅದಾಳ. ಹೊರಗ ಕುಂದರ್ರಿ," ಎಂದು ಬಾಗಿಲು ಹಾಕಿದೆ.

ಆಕ್ಸಿಜನ್ ಮಾಸ್ಕ್, ನಳಿಗೆ, ಮದ್ದು ಎಲ್ಲ ಕೈಗೆಟಕುವಂತೆ ಇಟ್ಟುಕೊಂಡು ತಲೆಯ ಬಳಿ ಸ್ಟೂಲು ಎಳೆದು ಕೂತೆ. ಕಲಿತದ್ದನ್ನೇ ಹೇಳಿದೆ: ನೀವು ಆಸ್ಪತ್ರೆಯಲ್ಲಿದ್ದೀರಿ, ಇದು ನಿಲ್ಲುತ್ತದೆ, ಉಸಿರು ನಿಧಾನ ಬಿಡಿ. ಎರಡು ಸಲ ಹೇಳಿ ಸುಮ್ಮನಾದೆ. ಬಡಿತ ಇಳಿಯಲಿಲ್ಲ. ನನ್ನ ಕಣ್ಣು ಸಿರಿಂಜಿನ ಮೇಲೆ ಹೋಗುತ್ತಿತ್ತು.

ಆ ಹೊತ್ತಿನಲ್ಲಿ, ಯಾಕೋ ಏನೋ, ನಮ್ಮ ಆಯಿ ನೆನಪಾದಳು. ಅವ್ವನ ಅವ್ವ ಆಕೆ, ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅವಳ ಮನೆಯ ಬಾಗಿಲಿಗೆ ಅಗಳಿ ನಿಲ್ಲುತ್ತಿರಲಿಲ್ಲ. ಚಿಕ್ಕವಳಿದ್ದಾಗ ರಾತ್ರಿ ನಾನು ಅಂಜಿ ಅಳುತ್ತಿದ್ದೆ. ಆಕೆ ಬೀಸುಕಲ್ಲನ್ನು ಬಾಗಿಲಿಗೆ ಅಡ್ಡ ಸರಿಸಿ, ನನ್ನ ಪಕ್ಕ ಒರಗಿ ದಿನಾ ಅದೇ ಮಾತು ಹೇಳುತ್ತಿದ್ದಳು: "ಬಾಗಲಾ ಹಾಕೇನಿ, ಬೀಸೂಕಲ್ಲ ಅಡ್ಡ ಇಟ್ಟೇನಿ. ಯಾರೂ ಬರೂದಿಲ್ಲ, ಮಲಕೊ." ಅದು ನನ್ನ ತಲೆಯೊಳಗೆ ಸುತ್ತತೊಡಗಿತು. ಆಯಿಯ ಧ್ವನಿಯಲ್ಲೇ, ಮತ್ತೆ ಮತ್ತೆ. ನಾನು ತುಟಿ ಬಿಚ್ಚಲಿಲ್ಲ.

ಹುಡುಗಿಯ ಕಾಲು ಮೊದಲು ನಿಂತವು. ಆಮೇಲೆ ಕೈ, ತಲೆ. ಮುಷ್ಟಿ ಸಡಿಲವಾಗಿ ಬೀಗದಕೈ ನೆಲಕ್ಕೆ ಬಿತ್ತು. ಒಂದು ಉದ್ದ ಉಸಿರು ಬಿಟ್ಟಳು. ಫರೀದಾ ಸಿರಿಂಜನ್ನು ಟ್ರೇಗೆ ಇಟ್ಟಳು. ನನಗೆ ಅಳು ಬಂದಂತಾಯಿತು.

ಸ್ವಲ್ಪ ಹೊತ್ತಿಗೆ ರೇಣುಕಾ ಕಣ್ಣು ತೆರೆದಳು. ಮದ್ದಿನ ಮಂಪರಿನಲ್ಲೇ ನನ್ನನ್ನು ನೋಡಿದಳು, ಆಮೇಲೆ ಕತ್ತು ಹೊರಳಿಸಿ ಬಾಗಿಲ ಬುಡದಲ್ಲಿ ಏನನ್ನೋ ಹುಡುಕಿದಳು.

"ಬಾಗಲಾ ಹಾಕೇನಿ ಅಂದ್ರಿ," ಎಂದಳು. "ಬೀಸೂಕಲ್ಲ ಎಲ್ಲಿ ಐತ್ರಿ?"

ಅವಳು ಮತ್ತೆ ಮಲಗಿದ ಮೇಲೆ ಫರೀದಾಳನ್ನು ಪಕ್ಕಕ್ಕೆ ಕರೆದು ನಾನೇನಾದರೂ ಗೊಣಗಿದೆನೇ ಎಂದು ಕೇಳಿದೆ. ಉಸಿರು ನಿಧಾನ ಬಿಡಿ ಅಂದಿರಿ, ಆಮೇಲೆ ಸುಮ್ಮನೆ ಕೂತಿರಿ, ಯಾವ ಬೀಸುಕಲ್ಲು ಎಂದು ಅವಳೇ ನನ್ನನ್ನು ಕೇಳಿದಳು.

ಸಂಜೆ ರೇಣುಕಾ ಎಲ್ಲ ಹೇಳಿದಳು. ಎಲ್ಲರ ಫಿಟ್ಸಿನ ಹಿಂದೂ ಇಂಥದೊಂದು ಇರುತ್ತದೆಂದಲ್ಲ, ಇವಳದರ ಹಿಂದೆ ಇತ್ತು. ಗಂಡನಿಲ್ಲದ ಮನೆ, ಚಿಲಕ ಕಿತ್ತ ಕೋಣೆ, ಆ ಭಾವ. ನಾನು ಅವಳ ಅಪ್ಪನನ್ನು ಶಿಗ್ಗಾಂವಿ ಕಡೆಯ ಊರಿನಿಂದ ಕರೆಸಿದೆ. ಆತ ಮಗಳನ್ನು ತವರಿಗೇ ಕರೆದುಕೊಂಡು ಹೋದ. ಹುಬ್ಬಳ್ಳಿಯ ತಜ್ಞರು ಮಿದುಳಿನ ಪರೀಕ್ಷೆ ಮಾಡಿ ಮೂರ್ಛೆರೋಗವಲ್ಲ ಎಂದರು. ಮನೋವೈದ್ಯರ ಬಳಿ ಮಾತಿನ ಚಿಕಿತ್ಸೆ ಶುರುವಾಯಿತು. ದೂರು ಕೊಡುವ ದಾರಿಯನ್ನೂ ತಿಳಿಸಿದೆ. ಫಿಟ್ಸ್ ಕಡಿಮೆಯಾದವು.

ಇವೆಲ್ಲ ನನಗೆ ಅರ್ಥವಾಗುವ ಸಂಗತಿಗಳು. ಆ ಬೀಸುಕಲ್ಲು ಮಾತ್ರ ಅರ್ಥವಾಗುತ್ತಿಲ್ಲ. ನಾನೇ ಗೊಣಗಿದ್ದು ಫರೀದಾಳಿಗೆ ಕೇಳಿಸಲಿಲ್ಲವೋ? ಮದ್ದಿನ ಮಂಪರೋ? ನಿಮ್ಮ ಮನೆಯಲ್ಲೂ ಇಂಥ ಮಾತಿತ್ತೇ ಎಂದು ರೇಣುಕಾಳನ್ನು ಕೇಳಿ ನೋಡಿದೆ. ನಮ್ಮಲ್ಲಿ ಬೀಸುಕಲ್ಲೇ ಇರಲಿಲ್ಲ, ಗಿರಣಿಗೆ ಹೋಗುತ್ತಿದ್ದೆವು ಎಂದಳು. ಈಗಲೂ ಯಾರಾದರೂ ಗಾಳಿ ಸೋಂಕು ಎಂದರೆ ನನಗೆ ಮೈ ಉರಿಯುತ್ತದೆ, ಆದರೆ ಮೊದಲಿನಷ್ಟು ಜೋರಾಗಿ ಬಾಯಿ ಮುಚ್ಚಿಸಲು ಆಗುವುದಿಲ್ಲ.

ಕಳೆದ ಸಲ ತೋರಿಸಿಕೊಳ್ಳಲು ಬಂದಾಗ ರೇಣುಕಾ ಮೈಕೈ ತುಂಬಿಕೊಂಡಿದ್ದಳು. ಅಪ್ಪ ಎಲ್ಲಿಂದಲೋ ಒಂದು ಹಳೆಯ ಬೀಸುಕಲ್ಲು ತಂದುಕೊಟ್ಟಿದ್ದಾನಂತೆ, ದಿನಾ ಬಾಗಿಲಿಗೆ ಅಡ್ಡ ಇಟ್ಟೇ ಮಲಗುತ್ತಾಳಂತೆ. ಅಂಜಿಕೆ ಬಂದರೆ ನೀವು ಅಂದ ಮಾತನ್ನು ನೆನೆಸಿಕೊಳ್ಳುತ್ತೇನೆ, ನಿದ್ದೆ ಹತ್ತುತ್ತದೆ ಎಂದಳು. ಒಳ್ಳೆಯದಾಯಿತು ಎಂದೆ. ಆ ಮಾತನ್ನು ನಾನು ಆಡಿಯೇ ಇರಲಿಲ್ಲವೆಂದು ಅವಳಿಗೆ ಈವರೆಗೂ ಹೇಳಿಲ್ಲ.