ಎರಡನೇ ಚಹಾದ ಮೇಲಿನ ಮಾತು

ಹೋದ ವಾರ ರಕ್ತ ತಪಾಸಣೆಗೆಂದು ಲ್ಯಾಬಿಗೆ ಹೋಗಿದ್ದೆ. ಅಲ್ಲಿನ ಹುಡುಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ತೋಳಿಗೆ ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಶಿವಬಸವ ನಗರದ ಒಂದು ಕೋಣೆ ಕಣ್ಣೆದುರು ಬಂತು. ಕಿಟಕಿಯ ಬೆಳಕಿಗೆ ಟೇಪ್ ರೆಕಾರ್ಡರು ಹಿಡಿದು, ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಿಂದ ಅದರ ಹೆಡ್ಡು ಒರೆಸುತ್ತ ಕೂತ ನಮ್ಮ ಸಂಪಾದಕರು. ಸೂಜಿ ಚುಚ್ಚಿದ್ದು, ತೆಗೆದದ್ದು ಒಂದೂ ಗೊತ್ತಾಗಲಿಲ್ಲ. "ಮುಷ್ಟಿ ಬಿಡ್ರಿ ಸರ್, ಆತು," ಎಂದು ಹುಡುಗಿ ಎರಡನೇ ಸಲ ಹೇಳಿದಾಗ ಕೈ ನೋಡಿಕೊಂಡೆ. ಇನ್ನೂ ಬಿಗಿದೇ ಇತ್ತು.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಧಾರವಾಡದಲ್ಲಿ ಸಮಾಜಶಾಸ್ತ್ರದ ಎಂ.ಎ. ಮುಗಿಸಿ, ಯಾವ ಕೆಲಸದಲ್ಲೂ ನಿಲ್ಲದೆ ಅಲೆದು, ಕೊನೆಗೆ ಅವರ ಮಾಸಪತ್ರಿಕೆಗೆ ಸೇರಿದ್ದೆ. ಫೌಂಡ್ರಿ, ಮಷಿನ್ ಶಾಪು, ಹಂಚಿನ ಕಾರ್ಖಾನೆ ನಡೆಸುವವರೇ ಅದರ ಓದುಗರು. ಪ್ರತಿ ತಿಂಗಳು ಒಬ್ಬ ಉದ್ಯಮಿಯ ದೊಡ್ಡ ಸಂದರ್ಶನ ಬರುತ್ತಿತ್ತು. ಪತ್ರಿಕೆಯನ್ನು ಜನ ತರಿಸುತ್ತಿದ್ದದ್ದೇ ಅದಕ್ಕಾಗಿ. ಕಚೇರಿಯೆಂದರೆ ಅವರ ಮನೆಯ ಮುಂದಿನ ಕೋಣೆ. ಅದರ ಗೋಡೆ ಹಸಿರಾಗಿತ್ತೋ ನೀಲಿಯಾಗಿತ್ತೋ... ಈಗ ನೆನಪಿಲ್ಲ. ಬಣ್ಣವೇ ನೆನಪಿಲ್ಲದವನು ಮಾತು ನೆನಪಿದೆ ಎನ್ನುವುದು ಎಷ್ಟು ಸರಿ ಎಂದು ನನಗೂ ಅನುಮಾನವಿದೆ. ಆದರೂ ಬರೆಯುತ್ತಿದ್ದೇನೆ.

ಅವರು ನನ್ನನ್ನು ಹೆಸರಿನಿಂದ ಕರೆದದ್ದೇ ಇಲ್ಲ. "ಬರ್ರಿ ಯುನಿವರ್ಸಿಟಿ, ಕುಂದರ್ರಿ ಯುನಿವರ್ಸಿಟಿ." ಮೊದಲ ದಿನ ನಾನು ಟೈಪು ಮಾಡಿ ತಂದ ಪ್ರಶ್ನಾವಳಿಯನ್ನು ಪೂರ್ತಿ ಓದಿ, ನಾಲ್ಕು ಮಡಿಕೆ ಮಾಡಿ, ಸ್ಪಿರಿಟ್ ಬಾಟಲಿಯ ಕೆಳಗಿಟ್ಟರು. ಟೇಬಲ್ಲಿಗೆ ಕಲೆಯಾಗದಿರಲಿ ಎಂದು.

ಉದ್ಯಮಬಾಗದ ಫೌಂಡ್ರಿಯೊಂದರ ಮಾಲಕರ ಬಳಿ ಮೊದಲ ಸಲ ಕರೆದೊಯ್ದರು. ನಾನು ಉತ್ಸಾಹದಿಂದ, ನಿಮ್ಮ ಯಶಸ್ಸಿಗೆ ಕಾರಣವೇನು ಎಂದು ಕೇಳಿದೆ. ದೇವರ ದಯೆ, ಕೆಲಸಗಾರರ ಸಹಕಾರ ಎಂದರು ಮಾಲಕರು. ಮುಂದಿನ ಪ್ರಶ್ನೆಗೂ ಅದೇ ಜಾತಿಯ ಉತ್ತರ. ಸಂಪಾದಕರು ಆಕಳಿಸಿ, "ಸಾಹೇಬ್ರ, ಕರಗಿದ ಕಬ್ಬಿಣ ಮೊದಲನೇ ಸಲ ಚೆಲ್ಲಿದ್ದು ಎಲ್ರಿ?" ಎಂದರು. ಮಾಲಕರ ಮುಖವೇ ಬೇರೆಯಾಯಿತು. ಎದ್ದು ನಿಂತು, ಬರ್ರಿ ತೋರಸ್ತೇನಿ ಎಂದು ಶೆಡ್ಡಿಗೆ ಕರೆದೊಯ್ದರು. ಆಮೇಲೆ ಅವರನ್ನು ಸುಮ್ಮನಾಗಿಸುವುದೇ ಕಷ್ಟವಾಯಿತು. ಹೊರಗೆ ಬಂದ ಮೇಲೆ ಸಂಪಾದಕರು ನನ್ನ ಕಡೆ ತಿರುಗಿದರು. "ದೇವರ ದಯಾ ಕ್ಯಾಲೆಂಡರದಾಗೂ ಸಿಗತೈತಿ. ಅದಕ್ಕ ಎಂ.ಎ. ಯಾಕ ಬೇಕು?"

ಅವರು ಕಲಿಸಿದ್ದನ್ನು ಇಂದಿಗೂ ಬಳಸುತ್ತೇನೆ, ಸುಳ್ಳು ಹೇಳುವುದಿಲ್ಲ. ಕುರ್ಚಿಯಲ್ಲಿ ಕೂತ ಮಾಲಕ ಭಾಷಣ ಮಾಡುತ್ತಾನೆ, ಅವನನ್ನು ಯಂತ್ರದ ಮುಂದೆ ನಿಲ್ಲಿಸು. ಯಾಕೆ ಎಂದು ಕೇಳಬೇಡ, ಹೇಗೆ ಎಂದು ಕೇಳು. ಅವನು ಸುಮ್ಮನಾದರೆ ನೀನೂ ಸುಮ್ಮನಿರು, ಬೇರೆ ಕಡೆ ನೋಡು. ಮೊದಲನೇ ಚಹಾ ಮುಗಿಯುವ ತನಕ ಬರುವುದು ಊರಿಗೆಲ್ಲ ಹೇಳಿದ ಮಾತು, ಎರಡನೇ ಚಹಾ ತರಿಸಿದನೆಂದರೆ ನಿನಗೆ ಹೇಳುವ ಮಾತು. ಇನ್ನೊಂದು ಪಾಠ ನಮ್ಮ ಸೀಮೆಗೇ ಸೇರಿದ್ದು. ಇಲ್ಲಿನ ಅನೇಕ ಮಾಲಕರು ವ್ಯವಹಾರ ಹೇಳುವಾಗ ಕನ್ನಡ, ಮನಸ್ಸು ಕಲಕಿದಾಗ ಮರಾಠಿ. ಕೆಲವರದು ಇದಕ್ಕೆ ಉಲ್ಟಾ. "ಭಾಷಾ ಹೊರಳಿತು ಅಂದ್ರ ಪೆನ್ನು ಕೆಳಗಿಡು. ಅವಾಗ ಬರಿಯೂದಲ್ಲ, ಕೇಳೂದು," ಎನ್ನುತ್ತಿದ್ದರು.

ಅವರಿಗೆ ಇನ್ನೂ ಎರಡು ರೂಢಿಗಳಿದ್ದವು. ಬರಹ ಸಿದ್ಧವಾದ ಮೇಲೆ ತಾವೇ ಬಸ್ಸು ಹತ್ತಿ ಹೋಗಿ, ಮಾಲಕರಿಗೆ ಓದಿಸಿ, ಅವರು ಹೂಂ ಎಂದ ಮೇಲಷ್ಟೇ ಅಚ್ಚಿಗೆ ಕೊಡುತ್ತಿದ್ದರು. ಅಚ್ಚಾದ ಮೇಲೆ ಆ ಕ್ಯಾಸೆಟ್ಟಿನ ಮೇಲೆಯೇ ಮುಂದಿನವರ ಮಾತು ತುಂಬುತ್ತಿದ್ದರು. ಎರಡನ್ನೂ ನಾನು ಆಗ ಮರ್ಯಾದೆಯೆಂದೂ ಮಿತವ್ಯಯವೆಂದೂ ತಿಳಿದಿದ್ದೆ.

ಈಗ ಅಪ್ಪನ ವಿಷಯ ಹೇಳಬೇಕು. ಖಾನಾಪುರದ ಒಂದು ಹಂಚಿನ ಕಾರ್ಖಾನೆಯಲ್ಲಿ ಅಪ್ಪ ಹಂಚು ಸುಡುವ ಭಟ್ಟಿಯ ಮೇಸ್ತ್ರಿಯಾಗಿದ್ದ. ನಾನು ಶಾಲೆಯಲ್ಲಿದ್ದಾಗ ಒಂದು ಮಳೆಗಾಲ ಆ ಭಟ್ಟಿಯೊಳಗೆ ಹಂಚುಗಳೆಲ್ಲ ಸಿಡಿದು, ಮೇಲಿನ ಕಮಾನು ಕುಸಿಯಿತು. ಯಾರೂ ಸಾಯಲಿಲ್ಲ. ಮೇಸ್ತ್ರಿ ಕುಡಿದು ಬೆಂಕಿ ಹಾಕಿದ ಎಂದು ಮಾಲಕರು ಊರೆದುರು ಹೇಳಿದರು, ಅಪ್ಪನನ್ನು ತೆಗೆದರು. ಒಣಗದ ಹಂಚು ತುಂಬಬೇಡಿ ಎಂದರೂ ಮಾಲಕರು ಕೇಳಲಿಲ್ಲ ಎನ್ನುವುದು ಅಪ್ಪನ ಮಾತು. ಅಪ್ಪ ಕುಡಿಯುತ್ತಲೇ ಇರಲಿಲ್ಲ ಎಂದು ನಾನು ಹೇಳಲಾರೆ. ಹಬ್ಬಕ್ಕೆ, ಸಂತೆಗೆ ಕುಡಿಯುತ್ತಿದ್ದ. ಅದಕ್ಕೇ ಆ ಸುಳ್ಳು ನಿಂತಿತು. ಆಮೇಲೆ ಬೇರೆ ಯಾವ ಭಟ್ಟಿಯವರೂ ಅವನನ್ನು ಹತ್ತಿರ ಸೇರಿಸಲಿಲ್ಲ. ಕಟ್ಟಿಗೆ ಡಿಪೋದಲ್ಲಿ ಹಮಾಲಿ ಮಾಡುತ್ತಲೇ ಸತ್ತ. ಊರಿನಲ್ಲಿ ಅವ್ವನನ್ನು ಗುರುತಿಸುತ್ತಿದ್ದದ್ದೇ ಭಟ್ಟಿ ಕೆಡವಿದವನ ಹೆಂಡತಿ ಎಂದು.

ಆ ಮಾಲಕರು ಮುಂದೆ ಹಂಚಿನ ಉದ್ಯಮದಲ್ಲಿ ದೊಡ್ಡ ಹೆಸರಾದರು. ಅವರ ಸಂದರ್ಶನದ ಸರದಿ ಬಂದಾಗ ನಾನು ಸಂಪಾದಕರಿಗೆ ಎಲ್ಲವನ್ನೂ ಹೇಳಿದೆ, ನಾನು ಯಾರ ಮಗ, ನನಗೆ ಅವರ ಬಾಯಿಂದ ಏನು ಬೇಕು ಎಂಬುದನ್ನೂ. ಅವರು ಬೆಂಕಿಕಡ್ಡಿಗೆ ಹತ್ತಿ ಸುತ್ತುತ್ತಲೇ, "ಹಂಗಾದ್ರ ನೀನ ಹೋಗು. ಸಿಟ್ಟಿದ್ದಾಂವ ತಯಾರಿ ಚಲೋ ಮಾಡತಾನ," ಎಂದರು.

ತಯಾರಿ ಮಾಡಿದೆ. ಮಣ್ಣಿನ ಬಗ್ಗೆ, ಒಣಗಿಸುವ ಬಗ್ಗೆ, ಬೆಂಕಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿಕೊಂಡೆ. ಮಾಲಕರಿಗೆ ವಯಸ್ಸಾಗಿತ್ತು. ಮೊದಲನೇ ಚಹಾ ಮುಗಿಯುವ ತನಕ ಗುಣಮಟ್ಟ, ಪರಂಪರೆ ಎಂದರು. ನಾನು ಬರೆದುಕೊಂಡೆ. ಹಂಚು ಒಣಗಿದ್ದು ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದಾಗ ಎದ್ದರು. ಶೆಡ್ಡಿನಲ್ಲಿ ಒಂದು ಹಸಿ ಹಂಚನ್ನು ಕೆನ್ನೆಗೆ ಒತ್ತಿಕೊಂಡು ತೋರಿಸಿದರು. ತಂಪು ಹತ್ತಿದರೆ ಇನ್ನೂ ನೀರಿದೆ ಎಂದರ್ಥ. ಹಾಗೇ ನಡೆಯುತ್ತ ಭಟ್ಟಿಯ ಮುಂದೆ ಬಂದೆವು.

"ತಂಪ ಹತ್ತಿದ ಹಂಚು ಎಂದಾದ್ರೂ ಇದರ ಒಳಗ ಹೋಗೇತೇನ್ರಿ?" ಎಂದೆ.

ಅವರು ಸುಮ್ಮನಾದರು. ನಾನು ಗೋಡೆಯ ಮಸಿ ನೋಡುತ್ತ ನಿಂತೆ. ಅವರೇ ಆಳನ್ನು ಕೂಗಿ ಇನ್ನೊಂದು ಚಹಾ ತರಿಸಿದರು. ಲೋಟ ಕೈಗೆ ಬಂದ ಮೇಲೆ, ನನ್ನನ್ನು ನೋಡದೆ, ಮರಾಠಿಯಲ್ಲಿ ಹೇಳಿದರು. "ತೊ ಪ್ಯಾಲೇಲಾ ನವ್ಹತಾ. ಮೀಚ್ ಭರಾ ಮ್ಹಟಲಂ." ಅವನು ಕುಡಿದಿರಲಿಲ್ಲ, ತುಂಬಿರಿ ಎಂದವನು ನಾನೇ. ನಾನು ಪೆನ್ನು ಜೇಬಿಗೆ ಹಾಕಿದೆ. ರೆಕಾರ್ಡರು ತಿರುಗುತ್ತಿತ್ತು. ನಾನು ಯಾರ ಮಗ ಎಂದು ಹೇಳಲಿಲ್ಲ. ಅಚ್ಚಿನಲ್ಲಿ ನನ್ನ ಹೆಸರಿನ ಕೆಳಗೆ ಆ ಮಾತು ಓದಿ ತಿಳಿದುಕೊಳ್ಳಲಿ ಎಂದು ಕಾಯ್ದಿಟ್ಟೆ. ಅಷ್ಟು ವರ್ಷ ಕಾದವನಿಗೆ ಇನ್ನೊಂದು ತಿಂಗಳು ಏನು ಮಹಾ.

ಆ ಸಂಜೆ ಅವ್ವನಿಗೆ ಹೇಳಿದೆ.

"ಖರೇ? ಅವನ ಬಾಯಿಲೇ?"

"ಅವನ ಬಾಯಿಲೇ."

"ಅಚ್ಚ ಮಾಡ್ತೀರಿ?"

"ಮಾಡ್ತೇವಿ."

ಅವ್ವ ಸೆರಗಿಗೆ ಕೈ ಒರೆಸಿಕೊಂಡು ಬಾಜೂ ಮನೆಗೆ ಹೋದಳು. ಅಲ್ಲಿಂದ ಅದರಾಚೆ ಮನೆಗೆ. ಅವಳ ದನಿ ಅಷ್ಟು ಜೋರಾಗಿ ಕೇಳಿದ್ದು ನನಗೆ ನೆನಪಿರಲಿಲ್ಲ.

ಕ್ಯಾಸೆಟ್ಟು ಕೇಳಿದ ಸಂಪಾದಕರು "ಭೇಷ್ ಯುನಿವರ್ಸಿಟಿ" ಎಂದು ಬೆನ್ನು ತಟ್ಟಿದರು. ಬರಹ ಹಿಡಿದು ಖಾನಾಪುರದ ಬಸ್ಸು ಹತ್ತಿದರು. ಸಂಚಿಕೆ ಬಂತು. ಆ ಮಾತು ಇರಲಿಲ್ಲ. ಅದರ ಜಾಗದಲ್ಲಿ, ಏಳುಬೀಳು ಎಲ್ಲ ಉದ್ಯಮಕ್ಕೂ ಸಹಜ ಎಂಬ ಒಂದು ವಾಕ್ಯ. ಕೇಳಿದರೆ, "ಓದಿಸಿದ ಮ್ಯಾಲೆ ಹಿಂಗ ಆಗೇತಿ," ಎಂದು ಮುಖ ತಿರುಗಿಸಿದರು. ಮಾಲಕರೇ ಹೊಡೆದು ಹಾಕಿದರು ಎಂದುಕೊಂಡೆ. ಕ್ಯಾಸೆಟ್ಟು ಹುಡುಕಿ ಹಾಕಿದರೆ ಅದರಲ್ಲಿ ಬೇರೆ ಫೌಂಡ್ರಿಯವರ ಮಾತು. ತೀರ ಕೊನೆಗೆ, ಹಳೆಯದರ ತುಣುಕೊಂದು ಉಳಿದಿತ್ತು. ರೈಲು ಹೋದ ಸದ್ದು. ಅಷ್ಟೇ. ಅದು ಖಾನಾಪುರದ್ದೇ ರೈಲೋ... ಈಗ ಆಣೆ ಮಾಡಿ ಹೇಳಲಾರೆ. ಅಂದೇ ಕೆಲಸ ಬಿಟ್ಟೆ.

ಅವ್ವನಿಗೆ ಓದಲು ಬರುತ್ತಿರಲಿಲ್ಲ. ಪೂರ್ತಿ ಓದಿಸಿಕೊಂಡಳು. "ನಿಮ್ಮಪ್ಪನ ಮಾತು ಎಲ್ಲೈತಿ?" ಎಂದಳು. ತೆಗೆದಿದ್ದಾರೆ ಎಂದೆ. ಅವಳು ನನ್ನ ಮುಖ ನೋಡಿದ ರೀತಿ... ಬೈದಿದ್ದರೆ ಚೆನ್ನಾಗಿತ್ತು. "ಅಂವಾ ಹಂಗ ಅಂದೇ ಇಲ್ಲ. ನನ್ನ ಸಮಾಧಾನಕ್ಕ ಹೇಳಿದಿ. ಇರಲಿ ಬಿಡಪಾ." ಹಾಗೆಂದು ನನ್ನ ತಲೆ ಸವರಿದಳು. ಕೆಲವೇ ವರ್ಷಕ್ಕೆ ಹೋದಳು, ಅದನ್ನೇ ನಂಬಿಕೊಂಡು. ಸಿಟ್ಟು ನನ್ನಲ್ಲಿ ಮನೆ ಮಾಡಿದ್ದು ಮಾಲಕರ ಸುಳ್ಳಿನಿಂದಲ್ಲ, ಆ "ಇರಲಿ ಬಿಡಪಾ"ದಿಂದ.

ಮಾಲಕರೂ ಸತ್ತರು. ನಾನು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಹಿಡಿದೆ. ಬಹಳ ವರ್ಷದ ಮೇಲೆ ಸಂಪಾದಕರಿಗೆ ಅಭಿನಂದನ ಗ್ರಂಥ ತರುವ ಸಮಿತಿಯವರು ನನ್ನನ್ನು ಹುಡುಕಿಕೊಂಡು ಬಂದರು. ಊರಿನ ಉದ್ಯಮಿಗಳನ್ನೆಲ್ಲ ಮಾತಾಡಿಸಿದವರನ್ನು ಮಾತಾಡಿಸಲು ಅವರ ಶಿಷ್ಯನೇ ಸರಿ ಎಂದರು. ಒಪ್ಪಿಕೊಂಡೆ. ಅವರಿಂದ ಕಲಿತದ್ದನ್ನು ಅವರ ಮೇಲೆಯೇ ತಿರುಗಿಸುವ ಸಂದರ್ಭ ಮತ್ತೆ ಸಿಗುತ್ತಿರಲಿಲ್ಲ.

ಅದೇ ಕೋಣೆ. ಮುದುಕರಾಗಿದ್ದರು. "ಏನು ಯುನಿವರ್ಸಿಟಿ, ದೇವರ ದಯಾ ಅಂತ ಬರಕೋ," ಎಂದು ನಕ್ಕರು. ಮೊದಲನೇ ಚಹಾಕ್ಕೆ ಗುಂಜಿ ಎಂಬ ತಮ್ಮ ಹಳ್ಳಿಯ ಬಾಲ್ಯ ಬಂತು. ಕಾಡಿನಂಚಿನಲ್ಲಿ ಎಮ್ಮೆ ಕಾಯ್ದದ್ದು, ಸ್ಟೇಷನ್ನಿನಲ್ಲಿ ಇಳಿಯುವ ಸಾಹೇಬರುಗಳನ್ನು ದೂರದಿಂದ ನೋಡಿದ್ದು, ಮನೆತನದಲ್ಲಿ ಮೊದಲ ಬಾರಿಗೆ ಸಂಬಳ ತಂದದ್ದು. ಚೆನ್ನಾಗಿಯೇ ಹೇಳಿದರು. ನಾನು ಯಾಕೆ ಎಂದು ಕೇಳಲಿಲ್ಲ.

"ಓದಿಸಾಕ ಹೋಗೂವಾಗ ಬಸ್ಸಿನ್ಯಾಗ ಏನ್ ಮಾಡತಿದ್ರಿ ಸರ್?"

ಸುಮ್ಮನಾದರು. ನಾನು ಕಿಟಕಿಯಾಚೆ ನೋಡಿದೆ. ನನ್ನ ಆಟ ಅವರಿಗೆ ತಿಳಿಯಿತು. ತಿಳಿದರೂ ಒಳಗೆ ಕೂಗಿ ಎರಡನೇ ಚಹಾ ತರಿಸಿದರು. ಆಮೇಲೆ ರೆಕಾರ್ಡರಿನ ಕಡೆ ಕೈ ಮಾಡಿ, "ಅದನ್ನ ಬಂದ್ ಮಾಡು," ಎಂದರು. ಮಾಡಿದೆ.

"ಖಾನಾಪುರದ ಬಸ್ಸಿನ್ಯಾಗ ಕುಂತ ಆ ಮಾತು ನಾನ ಹೊಡದ ಹಾಕಿದೆ. ಆ ಮಾಲಕಗ ತೋರಸೂಕಿಂತ ಮೊದಲ. ಇದು ಅಚ್ಚಾದ್ರ ನಾಳೆ ಯಾವ ಮಾಲಕ ನನ್ನ ಒಳಗ ಬಿಡತಾನ ಅಂತ ಅಂಜಿಕಿ ಬಂತು."

ನಾನು ಲೋಟ ಕೆಳಗಿಟ್ಟೆ.

"ಅಂವಾ ಎಲ್ಲಾ ಓದಿದ. ಹಾಳಿ ಹೊಳ್ಳಿಸಿ ನೋಡಿದ. 'ಆ ಭಟ್ಟೀ ಮಾತು ಎಲ್ಲೈತ್ರಿ?' ಅಂದ. ಜಾಗಾ ಸಾಲಲಿಲ್ಲ ಅಂದೆ."

ನಾನು ದ್ವೇಷಿಸಿದ ಮನುಷ್ಯನೂ ನನ್ನ ಅವ್ವನೂ ಆ ತಿಂಗಳು ಒಂದೇ ಮಾತು ಕೇಳಿದ್ದರು. ಒಬ್ಬರಿಗೆ ಸುಳ್ಳು ಸಿಕ್ಕಿತು, ಇನ್ನೊಬ್ಬಳಿಗೆ ಅದೂ ಸಿಗಲಿಲ್ಲ. ಚಹಾ ಹಾಗೇ ಬಿಟ್ಟು ಎದ್ದು ಬಂದೆ.

ಸಂದರ್ಶನ ಬರೆಯಲಿಲ್ಲ. ಸಮಿತಿಯವರಿಗೆ ಇವತ್ತು ಕೊಡುತ್ತೇನೆ, ನಾಳೆ ಕೊಡುತ್ತೇನೆ ಎಂದು ಕೊನೆಯ ದಿನದ ತನಕ ಸತಾಯಿಸಿ, ಆಮೇಲೆ ಆಗಲಿಲ್ಲ ಎಂದೆ. ಗ್ರಂಥದಲ್ಲಿ ಎಲ್ಲರ ಹೊಗಳಿಕೆಯಿತ್ತು, ಹಾರ ಹಾಕಿಸಿಕೊಂಡ ಫೋಟೋಗಳಿದ್ದವು. ಆಯುಷ್ಯವೆಲ್ಲ ಬೇರೆಯವರನ್ನು ಮಾತಾಡಿಸಿದ ಮನುಷ್ಯನ ಸ್ವಂತ ಮಾತು ಒಂದೂ ಇರಲಿಲ್ಲ. ಸಮಾರಂಭ ಮುಗಿದ ಮರುದಿನ ಫೋನು ಬಂತು.

"ಯುನಿವರ್ಸಿಟಿ, ನನ್ನ ಮಾತು ಎಲ್ಲೈತೋ?"

"ಜಾಗಾ ಸಾಲಲಿಲ್ಲ ಸರ್."

ಅವರು ಫೋನು ಇಡಲಿಲ್ಲ. ಸುಮ್ಮನಿದ್ದರು. ಎದುರಿನವರು ಮೌನ ತಾಳಲಾರದೆ ಬಾಯಿ ಬಿಡುತ್ತಾರೆ ಎಂದು ಕಲಿಸಿದವರು ಅವರೇ. ನಾನು ಬಾಯಿ ಬಿಡಲಿಲ್ಲ. ಅವರ ಮನೆಯಲ್ಲಿ ಯಾರೋ ಪಾತ್ರೆ ಇಟ್ಟ ಸದ್ದು ಕೇಳಿತು. ಕೊನೆಗೆ ಅವರೇ ಫೋನು ಇಟ್ಟರು. ಆ ಗಳಿಗೆಯ ಸುಖವನ್ನು ನಾನು ಇಂದಿಗೂ ಅಲ್ಲಗಳೆಯುವುದಿಲ್ಲ.

ಅವರು ತೀರಿಕೊಂಡು ಈಗ ಕೆಲವು ತಿಂಗಳಾಯಿತು. ಅವರ ಮಣ್ಣಿಗೆ ನಾನು ಹೋಗಲಿಲ್ಲ. ಇದನ್ನು ಯಾರಿಗೂ ಓದಿಸದೆ ಅಚ್ಚಿಗೆ ಕೊಡುತ್ತಿದ್ದೇನೆ. ಆದರೆ ಬರೆದು ಮುಗಿಸುವ ಹೊತ್ತಿಗೆ ಒಂದು ಮಾತು ಬಿಡದೆ ಕಾಡುತ್ತಿದೆ. ಆ ಭಟ್ಟಿಯ ಮುಂದೆ ಆಡಿದ ಮಾತನ್ನು ನನ್ನನ್ನು ಬಿಟ್ಟು, ಟೇಪಿನಲ್ಲಾದರೂ ಕಿವಿಯಾರೆ ಕೇಳಿದವರು ಅವರೊಬ್ಬರೇ. ಟೇಪು ಅಳಿಸಿದವರೂ ಅವರೇ, ಅದರಲ್ಲಿ ಏನಿತ್ತು ಎಂದು ಬಲ್ಲವರೂ ಅವರೇ. ಈಗ ಅಪ್ಪ ಕುಡಿದಿರಲಿಲ್ಲ ಎನ್ನಲು ಉಳಿದವನು ನಾನು, ಅವನ ಮಗ. ಬೇರೆ ಯಾರಾದರೂ ಬಂದು ತನ್ನ ಅಪ್ಪನ ಬಗ್ಗೆ ಹೀಗೆ ಹೇಳಿದ್ದರೆ ಪುರಾವೆ ಎಲ್ಲಿ ಎಂದು ಕೇಳುತ್ತಿದ್ದೆ. ಇಲ್ಲ ಎಂದಿದ್ದರೆ, ನಾನೂ ನಂಬುತ್ತಿರಲಿಲ್ಲ.